ಕುಂದ್ರಾಕ ಒಂದು ಜಾಗ

ವಿಜಯಪುರದ ಕೋಟೆಗೋಡೆ ಹಿಂದೆ ಬಿಟ್ಟು ಅಥಣಿ ದಾರಿ ಹಿಡಿದರೆ ಮೊದಲು ತೊರವಿ, ಆಮೇಲೆ ತಿಕೋಟಾ, ಅದನ್ನೂ ದಾಟಿದರೆ ಹೊನವಾಡ. ಫೆಬ್ರವರಿ ಕಳೆದು ಬಿಸಿಲು ಬಲಿಯುವ ಹೊತ್ತಿಗೆ ಈ ದಾರಿಯಲ್ಲಿ ಹೋದವರ ಕಣ್ಣಿಗೆ ಬೀಳುವುದು ಒಣದ್ರಾಕ್ಷಿ ಶೆಡ್ಡುಗಳು. ಕಂಬಗಳ ಮೇಲೆ ಸೂರು, ಬದಿಗೆ ಹಸಿರು ಪರದೆ, ಒಳಗೆ ಒಂದರ ಮೇಲೊಂದು ಬಿಗಿದ ಜಾಳಿಗೆಯ ಅಂತಸ್ತುಗಳು, ಅವುಗಳ ತುಂಬ ಹರವಿದ ಹಣ್ಣು. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಗೊಂಚಲನ್ನು ಅದ್ದಿ ತೆಗೆದರೆ ಸಿಪ್ಪೆಯ ಮೇಣ ಸಡಿಲಾಗುತ್ತದೆ. ಮುಂದಿನ ಎರಡು ಮೂರು ವಾರ ಗಾಳಿಯದೇ ಕೆಲಸ. ನಾಲ್ಕು ಕಿಲೋ ಹಸಿ ಹಣ್ಣು ಸುಕ್ಕಿ ಸುಮಾರು ಒಂದು ಕಿಲೋ ಮಣೂಕವಾಗುತ್ತದೆ. ಹೆಂಗಸರು ಸಾಲಾಗಿ ಕುಳಿತು ಕಡ್ಡಿ ಬಿಡಿಸಿ, ಬಣ್ಣ ನೋಡಿ ಬೇರೆ ಮಾಡುತ್ತಾರೆ. ಚೀಲ ವಿಜಯಪುರದ ಪೇಟೆಗೆ ಹೋಗುತ್ತದೆ, ಇಲ್ಲವೇ ಗಡಿ ದಾಟಿ ತಾಸಗಾಂವ, ಸಾಂಗ್ಲಿಗೆ. ಇಷ್ಟು ಹಣ್ಣು ಬೆಳೆಯುವ ಸೀಮೆಯಲ್ಲಿ ಹೊತ್ತು ಮುಳುಗಿದ ಮೇಲೆ ಇಬ್ಬರು ಗೆಳೆಯರು ಎದುರುಬದುರು ಕುಳಿತು, ಮುಂದೆ ಒಂದೊಂದು ಗ್ಲಾಸು ಇಟ್ಟುಕೊಂಡು, ಯಾರಿಗೂ ಅಂಜದೆ ಎರಡು ತಾಸು ಮಾತಾಡುವ ಜಾಗ ಎಲ್ಲಿದೆ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಹೆದ್ದಾರಿ ಬದಿಯಲ್ಲಿ ಬಾರುಗಳಿವೆ, ಮದ್ಯ ಸಿಗದ ಊರಿಲ್ಲ. ಕುಂದ್ರಾಕ ಜಾಗ ಮಾತ್ರ ಇಲ್ಲ.

ಬೆಂಗಳೂರಿನ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಬಡಾವಣೆಯ ಒಳರಸ್ತೆಗೆ ಹೊಸದೊಂದು ಕಾಕ್‌ಟೇಲ್ ಬಾರ್ ಬಂದಾಗ, ಗೆಳೆಯನನ್ನೋ ಗೆಳತಿಯನ್ನೋ ಕರೆದುಕೊಂಡು ಅದನ್ನು ನೋಡಿಬರುವುದು ಈಗ ಒಂದು ಸಣ್ಣ ಪ್ರವಾಸವೇ ಆಗಿದೆ. ಆ ಸಂಜೆಯ ಬಿಲ್ಲನ್ನು ಬಿಡಿಸಿ ನೋಡಬೇಕು. ಗ್ಲಾಸಿನಲ್ಲಿರುವ ಮದ್ಯ ಒಂದೋ ಎರಡೋ ಪೆಗ್ಗು. ಉಳಿದದ್ದು ಬರ್ಫ, ಲಿಂಬಿಹಣ್ಣಿನ ರಸ, ಸಕ್ಕರೆ ಪಾಕ, ಯಾವುದೋ ಎಲೆಯ ಕುಡಿ. ಅದೇ ಮದ್ಯವನ್ನು ಅಂಗಡಿಯಲ್ಲಿ ಕೊಂಡರೆ ಕೊಡಬೇಕಾದ ದುಡ್ಡಿಗೂ ಇಲ್ಲಿ ಕೊಡುವ ದುಡ್ಡಿಗೂ ಇರುವ ಅಂತರವನ್ನು ಲಿಂಬಿಹಣ್ಣು ತುಂಬಲಾರದು. ಕೈಚಳಕದ ಕೂಲಿ ಒಂದಿಷ್ಟು ಇದೆ, ಇಲ್ಲವೆನ್ನಲಾಗದು. ಅದನ್ನೂ ಕಳೆದ ಮೇಲೆ ಉಳಿಯುವ ಮೊತ್ತ ಕುರ್ಚಿಯ ಬಾಡಿಗೆ. ಮಂದ ದೀಪ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವಷ್ಟೇ ಸಂಗೀತ, ಎಬ್ಬಿಸಲು ಬಾರದ ಮಾಣಿ, ನಡುವೆ ಕಡಿಯಲು ಏನಾದರೂ. ಗಿರಾಕಿ ಕೊಳ್ಳುತ್ತಿರುವುದು ಇದನ್ನೇ, ಗ್ಲಾಸು ಇದರ ರಸೀದಿ. 1806ರಲ್ಲಿ ನ್ಯೂಯಾರ್ಕ್ ಪ್ರಾಂತದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು ಕಾಕ್‌ಟೇಲ್ ಅಂದರೇನು ಎಂದು ಓದುಗನಿಗೆ ತಿಳಿಸಿದಾಗ ಮದ್ಯ, ಸಕ್ಕರೆ, ನೀರು, ಕಹಿ ಎಂದು ನಾಲ್ಕು ಹೆಸರು ಹೇಳಿತ್ತು. ಆ ಪಟ್ಟಿಯಲ್ಲಿ ನೀರಿಗೂ ಜಾಗವಿದೆ. ಕಡುವಾದದ್ದನ್ನು ತೆಳುವಾಗಿಸುವುದು, ಬೇಗ ಮುಗಿಯುವುದನ್ನು ನಿಧಾನಗೊಳಿಸುವುದು ಈ ಪಾನೀಯದ ಹುಟ್ಟುಗುಣ. ಹಾಗಾದರೆ ನಮ್ಮ ಸೀಮೆಯ ಕುಡಿತದ ಕೇಡಿಗೆ ಕಾರಣ ಹುಡುಕುವವರು ಬಾಟಲಿಯನ್ನು ನೋಡುವಷ್ಟೇ ಗಮನವಿಟ್ಟು ಕುರ್ಚಿಯನ್ನೂ ನೋಡಬೇಕಾಗುತ್ತದೆ. ಬಾಟಲಿಗೆ ನಮ್ಮಲ್ಲಿ ಎಂದೂ ಕೊರತೆಯಾಗಿಲ್ಲ. ಅದರ ಜೊತೆಗಿದ್ದ ಕುರ್ಚಿಯನ್ನು ಒಂದೊಂದೇ ಕಾನೂನು, ಒಂದೊಂದೇ ನಾಚಿಕೆ ಕಿತ್ತುಕೊಂಡಿತು. ಈ ಬರಹದ ವಾದ ಇಷ್ಟೇ.

ಆ ಕುರ್ಚಿ ಒಮ್ಮೆ ಇದ್ದದ್ದಕ್ಕೆ ಸಾಕ್ಷಿ ವಿಜಯಪುರದ ಬೀದಿಯಲ್ಲೇ ಇದೆ. 1603-04ರ ಹೊತ್ತಿಗೆ ಅಕ್ಬರನ ರಾಯಭಾರಿಯಾಗಿ ಅಸದ್ ಬೇಗ್ ಎಂಬಾತ ಇಲ್ಲಿಗೆ ಬಂದಿದ್ದ. ಆಗ ಬಿಜಾಪುರವೆನಿಸಿದ್ದ ಈ ಊರಿನ ಅರಸ ಇಬ್ರಾಹಿಂ ಆದಿಲ್‌ಶಾಹನ ಮಗಳನ್ನು ಮೊಗಲ ರಾಜಕುಮಾರ ದಾನಿಯಾಲನಿಗೆ ಮದುವೆ ಮಾಡಿಸಿ ಕರೆದೊಯ್ಯುವ ಕೆಲಸ ಅವನದು. ಇಲ್ಲಿಂದ ತಂಬಾಕು ಒಯ್ದು ಅಕ್ಬರನ ಮುಂದಿಟ್ಟವನೂ ಅವನೇ. ಚಟಗಳ ಚರಿತ್ರೆ ಬರೆಯುವವರಿಗೆ ಆತ ಬೇಕೇ ಬೇಕು. ಅವನು ಬರೆದಿಟ್ಟ ಬಿಜಾಪುರದ ಬಜಾರಿನ ವರ್ಣನೆಯಲ್ಲಿ ಬಟ್ಟೆ ಅಂಗಡಿ, ಒಡವೆ ಅಂಗಡಿ, ಆಯುಧದ ಅಂಗಡಿ, ರೊಟ್ಟಿ ಸುಡುವವರು, ಮೀನು ಮಾರುವವರು ಎಲ್ಲರೂ ಸಾಲಾಗಿ ಬರುತ್ತಾರೆ. ಅವರ ನಡುವೆಯೇ ಹರಳುಗಾಜಿನ ಸೀಸೆಗಳನ್ನು ಹಲಗೆಯ ಮೇಲೆ ಜೋಡಿಸಿ, ಮುಂದೆ ಎರಡು ಬಾರಿ ಬಟ್ಟಿ ಇಳಿಸಿದ ಮದ್ಯದ ಜಾಡಿಗಳನ್ನಿಟ್ಟ ಅಂಗಡಿ. ಅದಕ್ಕೆ ಹತ್ತಿಕೊಂಡು ಹಣ್ಣು, ಪಿಸ್ತಾ, ಬದಾಮು, ಕಲ್ಲುಸಕ್ಕರೆಯ ಅಂಗಡಿ. ಇನ್ನೊಂದು ಬದಿಗೆ ಹಾಡು ಕುಣಿತ. ಒಂದು ಬೀದಿಯಲ್ಲಿ ಗುಂಪು ಗುಂಪಾಗಿ ಜನ ಕುಡಿಯುತ್ತ ಕುಳಿತಿದ್ದರೂ ಯಾರೂ ಯಾರೊಂದಿಗೂ ಜಗಳವಾಡುತ್ತಿರಲಿಲ್ಲ ಎಂಬ ಮಾತನ್ನು ಆತ ಬೇಕೆಂದೇ ಸೇರಿಸಿದ್ದಾನೆ. ದರಬಾರಿನ ಮನುಷ್ಯನ ಮಾತು, ಉಪ್ಪು ಖಾರ ಹಚ್ಚಿರುತ್ತಾನೆ ಎಂದು ಅನುಮಾನಿಸಬಹುದು. ಗುಂಪುಗಳನ್ನು ಸಾವಿರದ ಲೆಕ್ಕದಲ್ಲಿ ಹೇಳುವವನನ್ನು ಅನುಮಾನಿಸಲೇಬೇಕು. ಆದರೂ ಹೊಗಳಿದರೆ ಸಿಗುವ ಲಾಭ ಅವನಿಗೇನೂ ಇರಲಿಲ್ಲ. ಅವನ ಧಣಿ ಆಗ್ರಾದಲ್ಲಿದ್ದ, ಬಿಜಾಪುರ ಎದುರಾಳಿ ರಾಜ್ಯ. ಕುಣಿಯುವ ಹೆಣ್ಣುಮಕ್ಕಳ ಪಾಡೇನು ಎಂದು ಆತ ಕೇಳಲಿಲ್ಲ ಎಂಬ ಆಕ್ಷೇಪವೇ ಹೆಚ್ಚು ತೂಕದ್ದು. ನಮ್ಮ ವಾದಕ್ಕೆ ಬೇಕಾದದ್ದು ಅಂಗಡಿಗಳ ಜೋಡಣೆ. ಮದ್ಯದ ಅಂಗಡಿ ಹಣ್ಣಿನ ಅಂಗಡಿಯ ಮಗ್ಗುಲಲ್ಲಿತ್ತು, ಬೀದಿಗೆ ಮುಖ ಮಾಡಿತ್ತು, ಹಗಲಿಗೆ ಅಂಜಿರಲಿಲ್ಲ.

ಅದೇ ಇಬ್ರಾಹಿಂ 1599ರಲ್ಲಿ ತೊರವಿಯ ಬಯಲಿನಲ್ಲಿ ನವರಸಪುರ ಎಂಬ ಹೊಸ ಊರು ಕಟ್ಟಲು ಹೊರಟ. ಸಂಗೀತದ ಹುಚ್ಚಿದ್ದ ಅರಸ, ತನ್ನ ಪದಗಳ ಪುಸ್ತಕಕ್ಕೂ ‘ಕಿತಾಬ್-ಎ-ನೌರಸ್’ ಎಂದೇ ಹೆಸರಿಟ್ಟ. 1624ರಲ್ಲಿ ಮಲಿಕ್ ಅಂಬರ್ ದಂಡೆತ್ತಿ ಬಂದು ಊರನ್ನು ಕೊಳ್ಳೆ ಹೊಡೆದ. ಉಳಿದದ್ದು ಸಂಗೀತ ಮಹಲಿನಂಥ ಕೆಲವು ಗೋಡೆಗಳು. ಅಥಣಿ ದಾರಿಯಲ್ಲಿ ಹೋಗುವವರು ಅವನ್ನು ನೋಡಿ ಆದಿಲ್‌ಶಾಹಿ ಭೋಗವೆಲ್ಲ ಹೊರಗಿನಿಂದ ಬಂದದ್ದು, ಈ ಮಣ್ಣಿನದಲ್ಲ ಎಂದುಕೊಳ್ಳುವುದು ಸುಲಭ. ಹೊನವಾಡ ಹಾಗೆ ಅಂದುಕೊಳ್ಳಲು ಬಿಡುವುದಿಲ್ಲ. ಇಲ್ಲಿನ 1054ರ ಶಾಸನ ಊರನ್ನು ಪೊನ್ನವಾಡ ಎಂದು ಕರೆಯುತ್ತದೆ. ಕಲ್ಯಾಣದ ಚಾಲುಕ್ಯ ಒಂದನೇ ಸೋಮೇಶ್ವರನ ರಾಣಿ ಕೇತಲದೇವಿ ಈ ಅಗ್ರಹಾರವನ್ನು ಆಳುತ್ತಿದ್ದಳು, ಅವಳ ಅಧಿಕಾರಿ ಚಾಂಕಿರಾಜ ಇಲ್ಲಿ ತ್ರಿಭುವನತಿಲಕವೆಂಬ ಬಸದಿ ಕಟ್ಟಿಸಿದ ಎಂದು ಅದು ಹೇಳುತ್ತದೆ. ಜೈನ ಬಸದಿಯ ಊರಿನಲ್ಲಿ ಮದ್ಯದ ಮಾತೆತ್ತುವುದು ಸರಿಯೇ ಎಂದು ಯಾರಾದರೂ ಹುಬ್ಬೇರಿಸಿದರೆ ತಪ್ಪಿಲ್ಲ. ಆದರೆ ಅದೇ ಸೋಮೇಶ್ವರನ ಮೊಮ್ಮಗ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಬರೆಸಿದಾಗ ಅರಸನ ಕ್ರೀಡೆಗಳಲ್ಲಿ ಮಧುಪಾನವನ್ನೂ ಒಂದಾಗಿ ಸೇರಿಸಿ, ಅದಕ್ಕೊಂದು ಜಾಗ, ಹೊತ್ತು, ಜೊತೆಗಾರರನ್ನು ಗೊತ್ತುಮಾಡಿದ. ಇನ್ನು ಬಸವಣ್ಣ ಹುಟ್ಟಿದ ಬಾಗೇವಾಡಿ ಇದೇ ಜಿಲ್ಲೆಯದು. ಅವನ ಶರಣ ಚಳವಳಿಯ ವಚನಕಾರರ ಸಾಲಿನಲ್ಲಿ ಹೆಂಡದ ಮಾರಯ್ಯ ಎಂಬ ಹೆಸರು ಇವತ್ತಿಗೂ ಇದೆ. ಕುಡಿಯಲು ಬಂದವರಿಗೆ ಕುಡಿತದ ಕೇಡನ್ನೇ ತಿಳಿಹೇಳುತ್ತಿದ್ದ ಎಂದು ಅವನ ಬಗ್ಗೆ ಹೇಳುತ್ತಾರೆ. ಅವನು ಮದ್ಯವನ್ನು ಮೆಚ್ಚಿದ ಎಂದು ವಾದಿಸಲು ನಾನು ಹೊರಟಿಲ್ಲ. ಕಸುಬಿನ ಹೆಸರನ್ನು ಮುಚ್ಚಿಡದೆ ಶರಣರ ಸಾಲಿಗೆ ಬಂದ ಎಂಬುದು ದೊಡ್ಡದು. ಬಂದವನನ್ನು ಕೂರಿಸಿ ಮಾತಾಡಿಸಲು ಅವನ ಹತ್ತಿರ ಜಾಗವಿತ್ತು ಎಂಬುದೂ ಆ ಕತೆಯೊಳಗೇ ಇದೆ.

ಕುರ್ಚಿ ಕಳೆದುಹೋದದ್ದು ನಮಗೆ ನೆನಪಿರುವ ಕಾಲದಲ್ಲಿ. 1956ರ ನವೆಂಬರ್ ತನಕ ವಿಜಯಪುರ ಮುಂಬಯಿ ರಾಜ್ಯದ ಜಿಲ್ಲೆ. ಮೊರಾರ್ಜಿ ದೇಸಾಯಿ ಗೃಹಮಂತ್ರಿಯಾಗಿದ್ದಾಗ ಆ ರಾಜ್ಯ 1949ರ ಪಾನನಿಷೇಧ ಕಾಯ್ದೆ ತಂದು ಮುಂದಿನ ವರ್ಷದಿಂದ ಪೂರ್ತಿ ಪಾನಬಂದಿ ಜಾರಿಗೊಳಿಸಿತು. ಹಳೆ ಮೈಸೂರಿನವರಿಗೂ ಈ ಕಡೆಯವರಿಗೂ ಕುಡಿತದ ವಿಷಯದಲ್ಲಿ ಕಾಣುವ ವ್ಯತ್ಯಾಸಕ್ಕೆ ಇದೊಂದು ಕಾರಣವಿರಬೇಕು ಎಂಬುದು ನನ್ನ ಊಹೆ. ಕುಡಿಯುವುದೇ ಅಪರಾಧವಾದಾಗ ಮೊದಲು ಬಚ್ಚಿಡಬೇಕಾದದ್ದು ಬಾಟಲಿಯಲ್ಲ, ಕೂಟ. ಬಾಟಲಿಯನ್ನು ಧೋತರದ ಮಡಿಕೆಯಲ್ಲಿ ಇಟ್ಟುಕೊಂಡು ನಡೆಯಬಹುದು, ನಾಲ್ಕು ಜನ ಕುಳಿತದ್ದು ಅಗಸಿಯಿಂದಲೇ ಕಾಣುತ್ತದೆ. ಹಾಗಾಗಿ ಬೇಗ ಕುಡಿಯುವುದು, ಕತ್ತಲಲ್ಲಿ ಕುಡಿಯುವುದು, ಊರ ಹೊರಗೆ ಕುಡಿಯುವುದು, ಕುಡಿದ ಮೇಲೆ ಏನೂ ಆಗಿಲ್ಲವೆಂಬಂತೆ ಮನೆಗೆ ಬರುವುದು ಒಂದು ತಲೆಮಾರಿಗೆ ರೂಢಿಯಾಯಿತು. ಕಾಯ್ದೆ ಹೋಯಿತು, ಜಿಲ್ಲೆ ಬೇರೆ ರಾಜ್ಯ ಸೇರಿತು. ರೂಢಿಗೆ ಯಾರೂ ರದ್ದತಿ ಆದೇಶ ಹೊರಡಿಸಲಿಲ್ಲ.

ಆಮೇಲಿನ ಕತೆ ಲೈಸನ್ಸಿನದು, ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕರ್ನಾಟಕದಲ್ಲಿ ಬಾಟಲಿ ಮಾರುವ ಅಂಗಡಿಗೆ ಸಿಎಲ್-2, ಕುಳಿತು ಕುಡಿಯುವ ಬಾರ್ ಆ್ಯಂಡ್ ರೆಸ್ಟೋರೆಂಟಿಗೆ ಸಿಎಲ್-9 ಎಂಬ ಸನ್ನದು. 1992ರಿಂದ ಇವೆರಡನ್ನೂ ಹೊಸದಾಗಿ ಕೊಡುವುದನ್ನು ಸರ್ಕಾರ ನಿಲ್ಲಿಸಿತು. ಕುಡಿತಕ್ಕೆ ಕಡಿವಾಣ ಹಾಕಲು ಮಾಡಿದ ಕೆಲಸ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ನಡೆದದ್ದೇ ಬೇರೆ: ಇದ್ದ ಸನ್ನದುಗಳು ಹೊಲದ ಹಾಗೆ ಬೆಲೆಬಾಳತೊಡಗಿದವು, ಕೈಯಿಂದ ಕೈಗೆ ಹೋದವು. ಅಷ್ಟು ದುಡ್ಡು ಸುರಿದು ಸನ್ನದು ಹಿಡಿದವನು ಅದನ್ನು ವಾಪಸ್ ತೆಗೆಯಬೇಕಾದರೆ ಗಿರಾಕಿ ಬೇಗ ಕುಡಿದು ಬೇಗ ಏಳಬೇಕು. ಒಂದೇ ಗ್ಲಾಸು ಹಿಡಿದು ಎರಡು ತಾಸು ಹರಟುವ ಜೋಡಿ ಅವನಿಗೆ ನಷ್ಟ. ಆಮೇಲೆ ಹೊಸದಾಗಿ ಬಾರ್ ತೆರೆಯಲು ಉಳಿದ ಮುಖ್ಯ ದಾರಿ ಸಿಎಲ್-7, ಅದು ಕೋಣೆಗಳಿರುವ ಹೋಟೆಲ್ಲಿಗೆ ಮಾತ್ರ. ಸಣ್ಣ ಊರುಗಳ ಹೊರವಲಯದಲ್ಲಿ ಯಾರೂ ತಂಗದ ಲಾಡ್ಜಿನ ಬೋರ್ಡು ಯಾಕೆ ಕಾಣುತ್ತದೆ ಎಂದು ಅಚ್ಚರಿಪಡುವ ಪ್ರವಾಸಿಗ ಇದನ್ನು ತಿಳಿದಿರಬೇಕು. ಕಾನೂನು ಕೇಳಿದ್ದು ಹಾಸಿಗೆ, ಕುರ್ಚಿಯಲ್ಲ. ಸರ್ಕಾರದ್ದೇ ಆದ ಎಂಎಸ್ಐಎಲ್ ಮಳಿಗೆಗಳು ಊರೂರಿಗೆ ಬಂದವು. ಬೆಲೆಯಲ್ಲಿ ಮೋಸವಿಲ್ಲ, ಸರಕಿನಲ್ಲಿ ಕಲಬೆರಕೆಯಿಲ್ಲ, ಆದರೆ ಬಾಟಲಿ ಕೈಗಿಟ್ಟು ಕಳಿಸುತ್ತವೆ. ಎಲ್ಲಿಗೆ ಕಳಿಸುತ್ತವೆ? ಕಾಲುವೆಯ ದಂಡೆಗೆ, ಹೊಲದ ಬದುವಿಗೆ, ಕಟ್ಟಿ ಅರ್ಧಕ್ಕೆ ಬಿಟ್ಟ ಕಟ್ಟಡಕ್ಕೆ. 2007ರ ಜುಲೈಯಲ್ಲಿ ರಾಜ್ಯ ಸಾರಾಯಿ ನಿಷೇಧಿಸಿತು, ಹೆಂಗಸರ ವರ್ಷಗಟ್ಟಲೆಯ ಹೋರಾಟಕ್ಕೆ ಸಿಕ್ಕ ಗೆಲುವು ಅದು. ಅದರ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು. ತೊಂಬತ್ತು ಎಂ.ಎಲ್.ಗೆ ‘ನೈಂಟಿ’, ನೂರೆಂಬತ್ತಕ್ಕೆ ‘ಕ್ವಾರ್ಟರ್’. ಹಲ್ಲಿನಿಂದ ಮೂಲೆ ಕಚ್ಚಿ ಹರಿದು, ನೀರಿದ್ದರೆ ನೀರು, ಇಲ್ಲದಿದ್ದರೆ ಹಾಗೆಯೇ. ಆ ಪೊಟ್ಟಣಕ್ಕೆ ಗ್ಲಾಸು ಬೇಡ, ಗೆಳೆಯನೂ ಬೇಡ. 2025-26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕೆಂದು ಗುರಿ ಇಟ್ಟ ರಾಜ್ಯ, ಕುಡಿಯುವವರು ಎಲ್ಲಿ ಕೂರಬೇಕು ಎಂಬ ಪ್ರಶ್ನೆಗೆ ಕಾಸಿನಷ್ಟೂ ತಲೆ ಕೆಡಿಸಿಕೊಂಡಿಲ್ಲ.

ಇಲ್ಲಿಗೆ ಬರುವ ಹೊತ್ತಿಗೆ ಓದುವವರ ಬಾಯಲ್ಲಿ ಒಂದು ಮಾತು ಬಂದು ನಿಂತಿರುತ್ತದೆ. ಕುರ್ಚಿ ಹಾಕಿ ಕುಡಿಸಿದರೇನು, ನಿಲ್ಲಿಸಿ ಕುಡಿಸಿದರೇನು, ಮನೆ ಹಾಳಾಗುವುದು ಹಾಳಾಗುತ್ತದೆ. ದಿನಗೂಲಿಯ ಅರ್ಧ ಪ್ಯಾಕೆಟ್ಟಿಗೆ ಹೋದಾಗ ಒಲೆ ಹೊತ್ತಿಸಬೇಕಾದವಳು ಹೇಳುವ ಮಾತು ಇದು, ಇದಕ್ಕೆ ಎದುರಾಡುವುದು ಸುಲಭವಲ್ಲ. ಇಷ್ಟು ಕುಡಿದರೆ ಅಪಾಯವಿಲ್ಲ ಎಂದು ಹೇಳಬಹುದಾದ ಅಳತೆಯೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಲಿಂಬಿರಸ ಹಿಂಡಿದ ಮಾತ್ರಕ್ಕೆ, ಗ್ಲಾಸಿನ ಕುತ್ತಿಗೆ ಉದ್ದವಾದ ಮಾತ್ರಕ್ಕೆ ಯಕೃತ್ತು ಮೋಸ ಹೋಗುವುದಿಲ್ಲ. ಆದ್ದರಿಂದ ಕಾಕ್‌ಟೇಲ್ ಬಾರು ಒಳ್ಳೆಯ ಕುಡಿತ, ಪ್ಯಾಕೆಟ್ಟು ಕೆಟ್ಟ ಕುಡಿತ ಎಂಬ ವಿಂಗಡಣೆ ನನಗೂ ಒಪ್ಪಿಗೆಯಿಲ್ಲ. ಅದು ದುಡ್ಡಿದ್ದವರು ತಮಗೆ ತಾವೇ ಬರೆದುಕೊಂಡ ಸರ್ಟಿಫಿಕೇಟು. ನನ್ನ ಮಾತು ಇದಕ್ಕಿಂತ ಸಣ್ಣದು. ಕುಡಿಯುವವನು ಹೇಗಿದ್ದರೂ ಕುಡಿಯುತ್ತಾನೆ ಎಂದಾದರೆ, ಅವನು ನಾಲ್ಕು ಜನರ ಕಣ್ಣಿಗೆ ಕಾಣುವ ಕಡೆ ಕುಡಿಯುವುದಕ್ಕೂ ಕಾಲುವೆಯ ದಂಡೆಯಲ್ಲಿ ಒಬ್ಬನೇ ಕುಡಿಯುವುದಕ್ಕೂ ವ್ಯತ್ಯಾಸವಿದೆ. ಎದುರಿಗೆ ಕುಳಿತವನು ‘ಸಾಕ ಬಿಡೋ ದೋಸ್ತ, ಏಳು’ ಅನ್ನಬಲ್ಲ. ಪ್ಯಾಕೆಟ್ಟು ಹಾಗೆ ಅನ್ನುವುದಿಲ್ಲ. ತಟ್ಟೆಯಲ್ಲಿ ರೊಟ್ಟಿ ಇದ್ದವನ ಹೊಟ್ಟೆಗೂ ಖಾಲಿ ಹೊಟ್ಟೆಗೂ ವ್ಯತ್ಯಾಸವಿದೆ. ಇದರಿಂದ ಕುಡುಕ ಸಾಧುವಾಗುತ್ತಾನೆ ಎಂದೇನೂ ಅಲ್ಲ. ನಾಚಿಕೆಯನ್ನೇ ಬೇಲಿ ಮಾಡಿದ್ದೇವೆ ಎಂದು ನಂಬಿದವರು, ಆ ಬೇಲಿಯ ಆಚೆಗೆ ಏನು ನಡೆಯುತ್ತಿದೆ ಎಂದು ಬಗ್ಗಿ ನೋಡಿಲ್ಲ ಎಂದಷ್ಟೇ.

ಎರಡನೆಯ ಆಕ್ಷೇಪ ದ್ರಾಕ್ಷಿ ಬೆಳೆಗಾರರ ಕಡೆಯಿಂದ ಬರುತ್ತದೆ, ಅದೂ ಎರಡು ದಿಕ್ಕಿನಿಂದ. ‘ಹಣ್ಣು ನಮ್ಮದು, ವೈನ್ ಮಾಡಲು ಬಿಡಿ, ಆಗ ನೋಡಿ ಊರು ಹೇಗೆ ಬೆಳೆಯುತ್ತದೆ’ ಎನ್ನುವವರು ಕೆಲವರು. ‘ವೈನಿನ ಮಾತೆಲ್ಲ ಕಂಪನಿಗಳದು, ರೈತನ ಹೆಸರು ಬಳಸಿಕೊಳ್ಳುತ್ತಾರೆ’ ಎನ್ನುವವರು ಹಲವರು. 2007ರಲ್ಲಿ ರಾಜ್ಯ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು, ವೈನ್ ಮಂಡಳಿ ಮಾಡಿತು. ನಂದಿ ಕಣಿವೆ, ಕಾವೇರಿ ಕಣಿವೆಗಳ ಜೊತೆಗೆ ಕೃಷ್ಣಾ ಕಣಿವೆ ಎಂದು ನಮ್ಮ ಭಾಗಕ್ಕೂ ಒಂದು ಹೆಸರು ಸಿಕ್ಕಿತು. ಸಾರಾಯಿ ಹೋದ ವರ್ಷವೇ ವೈನ್ ನೀತಿ ಬಂದದ್ದು ಕಾಕತಾಳೀಯವಿರಬಹುದು, ಆದರೆ ಯಾರ ಗ್ಲಾಸು ತೆಗೆದು ಯಾರಿಗೆ ಕೊಟ್ಟರು ಎಂದು ಕೇಳುವವರ ಬಾಯಿ ಮುಚ್ಚಿಸುವುದು ಕಷ್ಟ. ಗಡಿಯಾಚೆ ಮಹಾರಾಷ್ಟ್ರ ಸರ್ಕಾರ 2022ರ ಜನವರಿಯಲ್ಲಿ ಸೂಪರ್ ಮಾರ್ಕೆಟ್ಟಿನಲ್ಲಿ ವೈನ್ ಮಾರಲು ಒಪ್ಪಿಗೆ ಕೊಟ್ಟಾಗಲೂ ರೈತನ ಹೆಸರೇ ಮುಂದೆ ಬಂತು, ಅಣ್ಣಾ ಹಜಾರೆ ಉಪವಾಸದ ಮಾತಾಡಿದರು. ತಿಕೋಟಾದ ಬೆಳೆಗಾರ ಈ ಗದ್ದಲದಿಂದ ದೂರ ನಿಂತು ಮಣೂಕ ಮಾಡುತ್ತಾನೆ. ಅವನ ಲೆಕ್ಕ ಸರಿಯಾಗಿಯೇ ಇದೆ. ಅವನ ತೋಟದಲ್ಲಿರುವುದು ಥಾಮ್ಸನ್ ಸೀಡ್‌ಲೆಸ್, ಅದರ ಕುಲದ ಮಾಣಿಕ್ ಚಮನ್, ಸೊನಾಕ. ತಿನ್ನಲು, ಒಣಗಿಸಲು ಹೇಳಿಮಾಡಿಸಿದ ತಳಿಗಳು. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ವರ್ಷಕ್ಕೆರಡು ಸಲ ಬಳ್ಳಿ ಸವರಿ, ಬರ ಬಿದ್ದ ವರ್ಷ ಟ್ಯಾಂಕರ್ ನೀರು ಕೊಂಡು ಹನಿಸಿ, ಈಗ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದ ಮೇಲೆ ಒಂದಿಷ್ಟು ಉಸಿರು ಬಿಟ್ಟವನು ಆತ. ಮಣೂಕವನ್ನು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ಬೆಲೆಗೆ ಕಾಯಬಹುದು. ವೈನಿಗೆ ಬೇರೆ ತಳಿ ಬೇಕು, ಸನ್ನದು ಬೇಕು, ಕೊಳ್ಳುವ ಕಾರಖಾನೆ ಮನಸ್ಸು ಬದಲಿಸದಿರಬೇಕು. ಹೀಗಾಗಿ ಹೊನವಾಡದ ಗ್ಲಾಸಿನಲ್ಲಿ ಹೊನವಾಡದ ವೈನೇ ಇರಲಿ ಎಂಬ ಹಟ ನನಗಿಲ್ಲ.

ನಿಜ ಹೇಳಬೇಕೆಂದರೆ ಗ್ಲಾಸಿನಲ್ಲಿ ಮದ್ಯವೇ ಇರಬೇಕೆಂಬ ಹಟವೂ ಇಲ್ಲ. ಮದ್ಯ, ಸಕ್ಕರೆ, ಲಿಂಬಿ, ನೀರು, ಮಸಾಲೆ ಐದು ಸೇರಿದ ‘ಪಂಚ್’ ಎಂಬ ಪಾನೀಯದ ಹೆಸರು 1632ರ ಈಸ್ಟ್ ಇಂಡಿಯಾ ಕಂಪನಿಯ ಪತ್ರವೊಂದರಲ್ಲಿ ಸಿಗುತ್ತದೆ. ನಮ್ಮ ಪಂಚವೇ ಅವರ ಬಾಯಲ್ಲಿ ಪಂಚ್ ಆಯಿತೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ, ಒಪ್ಪದ ಪಂಡಿತರೂ ಇದ್ದಾರೆ. ಐದರಲ್ಲಿ ಒಂದನ್ನು ಬಿಟ್ಟರೂ ಉಳಿದ ನಾಲ್ಕು ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಂಡಿ ಲಿಂಬಿಯಿದೆ, ಬೆಲ್ಲವಿದೆ, ದಾಳಿಂಬೆಯಿದೆ, ಹಸಿ ದ್ರಾಕ್ಷಿಯ ಹುಳಿಯಿದೆ. ಬೆಂಗಳೂರಿನ ಬಾರಿನಲ್ಲಿ ಮದ್ಯವಿಲ್ಲದ ‘ಮಾಕ್‌ಟೇಲ್’ ಹಿಡಿದವನಿಗೂ ಅದೇ ಕುರ್ಚಿ, ಅದೇ ಎರಡು ತಾಸು ಸಿಗುತ್ತದೆ. ಮಾರುತ್ತಿರುವುದು ಕುರ್ಚಿಯನ್ನು ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಹಾಗಾದರೆ ಚಾದ ಅಂಗಡಿ ಇಲ್ಲವೇ, ಹನುಮಪ್ಪನ ಗುಡಿಯ ಕಟ್ಟಿ ಇಲ್ಲವೇ, ಖಾನಾವಳಿ ಇಲ್ಲವೇ, ಕುಂದ್ರಾಕ ಜಾಗವಿಲ್ಲ ಎಂದು ಹೇಗೆ ಹೇಳುತ್ತೀರಿ ಎಂಬ ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿ. ಇದನ್ನು ಎತ್ತುವವರು ಈ ಸೀಮೆಯನ್ನು ಬಲ್ಲವರು. ಅರ್ಧ ಕಪ್ಪು ಚಾ, ಒಂದು ಪ್ಲೇಟು ಗಿರಮಿಟ್ಟು, ಎರಡು ಮಿರ್ಚಿ ಭಜಿ ತರಿಸಿಕೊಂಡರೆ ಮುಂಜಾನೆಯ ಪೇಪರ್ ಪೂರ್ತಿ ಓದಿ, ರಾಜಕಾರಣಿಗಳನ್ನೆಲ್ಲ ಜಾಲಾಡಿ, ಮಳೆಯ ಲೆಕ್ಕ ಹಾಕುವ ತನಕ ಯಾರೂ ಎಬ್ಬಿಸುವುದಿಲ್ಲ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಬಡಿಸುವವರು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿರಿ ಎಂದು ಒತ್ತಾಯಿಸುತ್ತಾರೆ ಹೊರತು ಬಿಲ್ಲು ತಂದಿಡುವುದಿಲ್ಲ. ಇನ್ನು ಸುಮ್ಮನೆ ಕೂರುವುದನ್ನು ಈ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ತಿಕೋಟಾ ಭಾಗದ ಬಿಜ್ಜರಗಿಯಲ್ಲಿ ಹುಟ್ಟಿದ ಸಿದ್ಧೇಶ್ವರ ಸ್ವಾಮೀಜಿ ನಸುಕಿನಲ್ಲಿ ಪ್ರವಚನ ಹೇಳುತ್ತಿದ್ದರೆ ಸಾವಿರಾರು ಜನ ಮಿಸುಕಾಡದೆ ಕೂರುತ್ತಿದ್ದರು. 2023ರ ಜನವರಿ 2ರಂದು ಅವರು ದೇಹ ಬಿಟ್ಟಾಗ ವಿಜಯಪುರದ ದಾರಿಗಳೆಲ್ಲ ತುಂಬಿ ನಿಂತದ್ದು ಆ ಕೂರುವಿಕೆಯ ಋಣಕ್ಕೆ. ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಕಟ್ಟೆಯ ಮೇಲೆ ಯಾರು ಕೂರುತ್ತಾರೆ? ಗಂಡಸರು, ಅವರಲ್ಲೂ ಎಲ್ಲ ಕೇರಿಯ ಗಂಡಸರಲ್ಲ. ಹಗಲೆಲ್ಲ ಶೆಡ್ಡಿನಲ್ಲಿ ಕುಳಿತು ಮಣೂಕ ಆರಿಸಿದ ಇಬ್ಬರು ಹೆಣ್ಣುಮಕ್ಕಳು ಸಂಜೆ ಅದೇ ಕೂಲಿಯಲ್ಲಿ ಹತ್ತು ರೂಪಾಯಿ ತೆಗೆದು ಚಾದಂಗಡಿಯ ಬೆಂಚಿನ ಮೇಲೆ ಒಂದು ತಾಸು ಕೂರುತ್ತಾರೆಯೇ? ಕೂತರೆ ಊರು ಸುಮ್ಮನಿರುತ್ತದೆಯೇ? ಅವರ ಮಾತುಕತೆಗೆ ಸಿಗುವುದು ನಲ್ಲಿಯ ಸಾಲು, ಬಸ್ಸಿನ ಸೀಟು, ಕೆಲಸದ ಹೊತ್ತು. ಕಾಕ್‌ಟೇಲ್ ಬಾರಿನ ಮೇಲೆ ಎಷ್ಟೇ ಸಿಟ್ಟಿದ್ದರೂ ಈ ಒಂದು ಲೆಕ್ಕದಲ್ಲಿ ಅದು ನಮ್ಮ ಕಟ್ಟೆಗಿಂತ ಮುಂದಿದೆ. ಅಲ್ಲಿ ಇಬ್ಬರು ಹೆಂಗಸರು ಎದುರುಬದುರು ಕುಳಿತರೆ ಯಾರ ಮನೆಯವರು ಎಂದು ಯಾರೂ ಕೇಳುವುದಿಲ್ಲ. ದುಡ್ಡು ಇದೆಯೇ ಎಂದು ಮಾತ್ರ ಕೇಳುತ್ತಾರೆ. ಕಟ್ಟೆಯ ಬಾಗಿಲಲ್ಲಿ ಜಾತಿ, ಲಿಂಗ ಕಾವಲು ನಿಂತರೆ ಬಾರಿನ ಬಾಗಿಲಲ್ಲಿ ಬೆಲೆ ಕಾವಲು ನಿಂತಿದೆ. ಎರಡರಲ್ಲಿ ಯಾವುದನ್ನು ಆರಿಸಬೇಕು ಎಂಬ ಹಠಕ್ಕೆ ಬೀಳುವ ಬದಲು ಎರಡೂ ಕಾವಲುಗಾರರಿಲ್ಲದ ಬಾಗಿಲು ಹೇಗಿರಬಹುದು ಎಂದು ಯೋಚಿಸುವುದು ಒಳ್ಳೆಯದು.

ಅಂಥ ಜಾಗಕ್ಕೆ ಬೇಕಾದದ್ದು ಹೆಚ್ಚೇನಿಲ್ಲ. ಬೀದಿಗೆ ತೆರೆದ ಮುಖ, ಪರದೆಯಿಲ್ಲದ ಬೆಳಕು, ಒಲೆಯ ಮೇಲೆ ಬಿಸಿ ತಿನಿಸು, ಕುಡಿಯುವ ನೀರು, ಹೆಂಗಸರಿಗೂ ಒಂದು ಶೌಚಾಲಯ, ಇಂತಿಷ್ಟು ಹೊತ್ತಿಗೆ ಮುಚ್ಚುವ ನಿಯಮ. ಈ ವಿಷಯದಲ್ಲಿ ನಗರಕ್ಕಿಲ್ಲದ ಒಂದು ಅನುಕೂಲ ಹೊನವಾಡಕ್ಕಿದೆ. ಬಡಾವಣೆಯ ಬಾರು ಎಂಬ ಮಾತಿಗೆ ಮೂಲ ಅರ್ಥ ಕುಡಿದವನು ನಡೆದೇ ಮನೆ ಸೇರಬಹುದು ಎಂಬುದು. ಬೆಂಗಳೂರಿನಲ್ಲಿ ಆ ಅರ್ಥ ಎಂದೋ ಹೋಗಿದೆ. ಊರ ಆ ತುದಿಯಿಂದ ಬಂದವರು ರಾತ್ರಿ ಕ್ಯಾಬಿಗೆ ಕಾಯುತ್ತ ನಿಂತಿರುತ್ತಾರೆ. ನಮ್ಮಲ್ಲಿ ಕುಡಿತವನ್ನು ಊರಾಚೆಯ ಹೆದ್ದಾರಿಗೆ ಅಟ್ಟಿದ್ದರಿಂದ ಹೋಗುವುದೂ ಬೈಕಿನ ಮೇಲೆ, ಬರುವುದೂ ಬೈಕಿನ ಮೇಲೆ, ಅದೂ ಕಬ್ಬಿನ ಟ್ರ್ಯಾಕ್ಟರುಗಳು ಹಿಂದಿನ ದೀಪವಿಲ್ಲದೆ ಓಡಾಡುವ ಕತ್ತಲಲ್ಲಿ. ಊರೊಳಗೆ ಕೂರುವ ಜಾಗವಿದ್ದರೆ ಅಗಸಿಯಿಂದ ಮನೆಗೆ ಎಷ್ಟು ಹೆಜ್ಜೆ?

ಕಟ್ಟಡದ ಖರ್ಚೂ ಇಲ್ಲಿ ದೊಡ್ಡದಲ್ಲ, ಯಾಕೆಂದರೆ ಕಟ್ಟಡ ಆಗಲೇ ಇದೆ. ಮಣೂಕದ ಕೆಲಸ ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ಅಲ್ಲಿಂದ ಮುಂದಿನ ಸುಗ್ಗಿಯ ತನಕ ಆ ಉದ್ದನೆಯ ಶೆಡ್ಡುಗಳು ಹೆಚ್ಚುಕಮ್ಮಿ ಖಾಲಿ. ಮೇಲೆ ಸೂರು, ಕೆಳಗೆ ಗಟ್ಟಿ ನೆಲ, ಗಾಳಿ ಎತ್ತಲಿಂದ ಬಂದರೂ ಆಡುವಂತೆ ತೆರೆದ ಬದಿಗಳು. ಹಣ್ಣು ಕೆಡದೆ ಒಣಗಲೆಂದು ಲೆಕ್ಕ ಹಾಕಿ ಕಟ್ಟಿದ ನೆರಳು ಮನುಷ್ಯರಿಗೂ ಹಿತವಾಗಿಯೇ ಇರುತ್ತದೆ. ಜಾಳಿಗೆಯ ಅಂತಸ್ತು ಬಿಚ್ಚಿ ಸುತ್ತಿಟ್ಟು, ನಾಲ್ಕು ಬೆಂಚು ಹಾಕಿ, ಒಂದು ಮೂಲೆಗೆ ಚಾದ ಒಲೆ, ಇನ್ನೊಂದು ಮೂಲೆಗೆ ಲಿಂಬಿ ಹಿಂಡುವವನನ್ನು ಕೂರಿಸಬಹುದು. ಮಾರ್ಚಿನಲ್ಲಿ ಎಲ್ಲಿ ಕುಳಿತು ಕಡ್ಡಿ ಬಿಡಿಸುತ್ತಿದ್ದರೋ ಅದೇ ಜಾಗಕ್ಕೆ ಜೂನಿನ ಒಂದು ಸಂಜೆ ಅದೇ ಹೆಣ್ಣುಮಕ್ಕಳು, ಈ ಸಲ ಕೂಲಿಗಲ್ಲದೆ, ಬಂದು ಕೂರಬಹುದು.